ಕಾರ್ಮಿಕನ ಸಾಲವೂ ಮನಶ್ಶಾಂತಿಯೂ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಹಲಗೇರಿಯಲ್ಲಿ ಸೇರಿದ್ದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಉತ್ಸವ ನಿಧಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಉತ್ಸವದಲ್ಲಿ ಜನರು ಸಂತೋಷದ ಮಾತುಗಳನ್ನು ನಿರೀಕ್ಷಿಸುವುದು ಸಹಜ. ಮೊದಲ ಕಲ್ಲನ್ನು ಇಟ್ಟವರನ್ನೂ, ಗಂಟೆಯನ್ನು ತರಿಸಿಕೊಟ್ಟವರನ್ನೂ, ಬಿಸಿಲು ಮಳೆಯೆನ್ನದೆ ಊರೂರಿಗೆ ಬಂದು ಬಲಿಪೂಜೆ ಅರ್ಪಿಸಿದ ಗುರುಗಳನ್ನೂ ಈ ವರ್ಷವೆಲ್ಲ ನಾವು ಕೃತಜ್ಞತೆಯಿಂದ ನೆನೆದಿದ್ದೇವೆ. ಆದರೆ ನಮ್ಮ ಗುರುಗಳು ಇಂದು ನಮಗೆ ಒಪ್ಪಿಸಿರುವ ವಿಷಯ ಬೇರೆ ಬಗೆಯದು. ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಜನರ ಹಣದ ಚಿಂತೆಯು ಅವರ ಮನಸ್ಸಿನ ಆರೋಗ್ಯವನ್ನು ಹೇಗೆ ಕೆಡಿಸುತ್ತಿದೆ, ಅದಕ್ಕೆ ನಾವು ಮಾಡಬಹುದಾದುದೇನು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಅವರು ಅಪ್ಪಣೆ ಮಾಡಿದ್ದಾರೆ. ನಾವು ವೈದ್ಯರಲ್ಲ; ಅರ್ಥಶಾಸ್ತ್ರ ಬಲ್ಲವರೂ ಅಲ್ಲ. ಉತ್ಸವ ನಿಧಿಗಾಗಿ ರಸೀದಿ ಪುಸ್ತಕ ಹಿಡಿದು ನಿಮ್ಮ ಮನೆಗಳ ಬಾಗಿಲು ತಟ್ಟಿದವರು. ಹಾಗೆ ತಟ್ಟಿದಾಗ ಕಂಡದ್ದೇ ನಮ್ಮ ಮಾತುಗಳಿಗೆ ಆಧಾರ.

ನಮ್ಮ ಸೀಮೆಯನ್ನು ಹೊರಗಿನವರು ಹತ್ತಿ, ಮೆಕ್ಕೆಜೋಳ, ಬ್ಯಾಡಗಿ ಮೆಣಸಿನಕಾಯಿಗಳ ನಾಡೆಂದು ಬಲ್ಲರು. ಅದು ನಿಜ. ಆದರೆ ತುಂಗಭದ್ರೆಯ ಎರಡು ದಡಗಳಲ್ಲಿಯೂ ಕಾರ್ಖಾನೆಯ ಪಾಳಿಗೆ ತಕ್ಕಂತೆ ಎದ್ದು ಮಲಗುವ ಸಾವಿರಾರು ಮನೆಗಳಿವೆ. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಾದ್ಯಂತ ಹೆಸರು ಪಡೆದಿದ್ದವು. ದಾವಣಗೆರೆಯು ತನ್ನ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ೧೯೭೦ರ ದಶಕದಲ್ಲಿ ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿಯೇ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಒಕ್ಕಲುತನದ ಮನೆಗಳ ಮಕ್ಕಳು ತಿಂಗಳ ಸಂಬಳ ಎಣಿಸುವವರಾದರು. ಮುಂದೆ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ನಿಂತವು. ಹೊಸ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಕಾರ್ಖಾನೆಯೊಂದು ಮುಚ್ಚಿದಾಗ ಸಂಬಳವೊಂದೇ ನಿಲ್ಲುವುದಿಲ್ಲ. ಅದರ ಮೇಲೆ ನಿಂತಿದ್ದ ಚಹದಂಗಡಿ, ಕಿರಾಣಿ ಅಂಗಡಿಯ ಉದ್ರಿ, ಮಗಳ ಮದುವೆಯ ಮಾತುಕತೆ, ಇವೆಲ್ಲವೂ ನಿಲ್ಲುತ್ತವೆ. ಇಂದು ದುಡಿಯುವವರಲ್ಲಿ ಅನೇಕರು ಖಾಯಂ ನೌಕರರಲ್ಲ, ಗುತ್ತಿಗೆದಾರನ ಕೈಕೆಳಗಿನವರು. ಇಂದು ಕೆಲಸವಿದೆ, ಮುಂದಿನ ತಿಂಗಳು ಇರುವುದೋ ಇಲ್ಲವೋ ಎಂಬ ಭಯವೂ ಬುತ್ತಿಯೊಡನೆಯೇ ಕಾರ್ಖಾನೆಗೆ ಹೋಗುತ್ತದೆ.

ರೈತನ ಸಾಲಕ್ಕೂ ಕಾರ್ಮಿಕನ ಸಾಲಕ್ಕೂ ಒಂದು ವ್ಯತ್ಯಾಸವುಂಟು. ಮಳೆ ಬಾರದ ವರ್ಷ ರೈತನು ಸಾಲಗಾರನಾದರೆ ಊರಿಗೆಲ್ಲ ಅದರ ಕಾರಣ ತಿಳಿದಿರುತ್ತದೆ; ನೆರೆಯವನ ಹೊಲವೂ ಒಣಗಿರುತ್ತದೆ. ಕಾರ್ಮಿಕನಾದರೋ ಊರಿನವರ ಕಣ್ಣಿಗೆ ‘ಸಂಬಳದವನು’. ಅವನಿಗೇನು ಕೊರತೆ ಎನ್ನುತ್ತಾರೆ. ಸಂಬಂಧಿಕರು ಕೈಗಡ ಕೇಳುವುದೂ ಅವನನ್ನೇ. ಆದುದರಿಂದ ಅವನು ತನ್ನ ಸಾಲವನ್ನು ಬಚ್ಚಿಡುತ್ತಾನೆ. ಹೆಂಡತಿಗೆ ಅರ್ಧ ಹೇಳುತ್ತಾನೆ, ತಾಯಿಗೆ ಏನನ್ನೂ ಹೇಳುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಒಪ್ಪತಕ್ಕ ಮಾತೇ. ಆದರೆ ಅವನು ಮಲಗಿದ ಮೇಲೆ ಹಾಸಿಗೆಯನ್ನೇ ಯಾರೋ ಮೊಟಕು ಮಾಡಿದರೆ ಅವನ ಕಾಲುಗಳದೇನು ತಪ್ಪು?

ಸಾಲವು ಬೆಳೆಯುವ ಬಗೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಂದೆಯ ಆಸ್ಪತ್ರೆಯ ಖರ್ಚಿಗೆ ೨೦,೦೦೦ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ ತಂದನೆಂದು ಇಟ್ಟುಕೊಳ್ಳಿರಿ. ‘ಐದು ರೂಪಾಯಿ ಬಡ್ಡಿ’ ಎಂದರೆ ಕಿವಿಗೆ ಹಗುರ. ಆದರೆ ಅದು ವರ್ಷಕ್ಕೆ ನೂರಕ್ಕೆ ಅರವತ್ತು. ತಿಂಗಳಿಗೆ ೧,೦೦೦ ರೂಪಾಯಿಯಂತೆ ಇಪ್ಪತ್ತು ತಿಂಗಳು ತಪ್ಪದೆ ಕೊಟ್ಟ ಮೇಲೆ ಅವನು ತಂದಷ್ಟು ಹಣವನ್ನೂ ಹಿಂದಕ್ಕೆ ಕೊಟ್ಟಂತಾಯಿತು. ಅಸಲು ಮಾತ್ರ ೨೦,೦೦೦ವಾಗಿಯೇ ನಿಂತಿರುತ್ತದೆ. ಆಗ ಈ ಸಾಲ ತೀರಿಸಲು ಇನ್ನೊಂದು ಸಾಲ, ಅದರ ಕಂತಿಗೆ ಹೆಂಡತಿಯ ಹೆಸರಿನಲ್ಲಿ ವಾರದ ಸಂಘದ ಸಾಲ, ಅದಕ್ಕೂ ಸಾಲದೆ ಕಿವಿಯ ಓಲೆ ಗಿರವಿ. ಸಾಲ ಪಡೆಯುವಾಗಿನ ಸವಿಯನ್ನೂ ಸಾಲಿಗನು ಬಾಗಿಲಿಗೆ ಬಂದಾಗಿನ ಸಂಕಟವನ್ನೂ ನಮ್ಮ ಜಿಲ್ಲೆಯವನೇ ಎಂದು ನಾವು ಹೆಮ್ಮೆಪಡುವ ಸರ್ವಜ್ಞನು ಎಂದೋ ಹೇಳಿಟ್ಟಿದ್ದಾನೆ. ೨೦೨೫ರ ಜನವರಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮಹಿಳೆಯರು ಸಾಲ ವಸೂಲಿಯ ಕಿರುಕುಳವನ್ನು ತಾಳಲಾರದೆ ತಮ್ಮ ಮಾಂಗಲ್ಯಗಳನ್ನು ಅಂಚೆಯ ಮೂಲಕ ಮುಖ್ಯಮಂತ್ರಿಗಳಿಗೆ ಕಳುಹಿಸಿದರು. ಆ ಸುದ್ದಿಯನ್ನು ಓದಿ ನಾವು ಮರುಗಿದೆವು. ಆದರೆ ಅಂತಹ ಮನೆಗಳು ನಮ್ಮ ಪೂಜೆಯ ಬೆಂಚುಗಳಲ್ಲಿಯೂ ಇವೆಯೇ ಎಂದು ಕೇಳಿಕೊಳ್ಳಲಿಲ್ಲ.

ಇನ್ನು ಮನಸ್ಸಿನ ವಿಚಾರ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದವರನ್ನು ಸುಡುತ್ತದೆ ಎಂಬ ಹಳೆಯ ಮಾತಿದೆ. ನಮ್ಮ ಜನರು ‘ನನಗೆ ಮನೋವ್ಯಥೆ’ ಎಂದು ಹೇಳಿಕೊಳ್ಳುವುದಿಲ್ಲ. ಎದೆ ಹಿಡಿದಂತಾಗುತ್ತದೆ, ಹೊಟ್ಟೆಯಲ್ಲಿ ಉರಿ, ತಲೆ ಭಾರ, ಊಟ ರುಚಿಸದು, ನಿದ್ದೆ ಬಾರದು ಎನ್ನುತ್ತಾರೆ. ಮಾತ್ರೆ ನುಂಗುತ್ತಾರೆ, ಮಾತ್ರೆಯ ಹಣವೂ ಸಾಲಕ್ಕೆ ಸೇರುತ್ತದೆ. ರಾತ್ರಿ ಪಾಳಿಯವನಿಗೆ ಹಗಲಿನ ನಿದ್ದೆ ಮೊದಲೇ ಅರೆಬರೆ. ಅದರಲ್ಲಿ ಕಂತಿನವನ ಫೋನು. ಕೆಲವರು ಮರೆಯಲೆಂದು ಕುಡಿಯುತ್ತಾರೆ. ಮರುದಿನ ಚಿಂತೆಯೂ ಇರುತ್ತದೆ, ಕಿಸೆಯೂ ಬರಿದಾಗಿರುತ್ತದೆ. ಮನೆಯಲ್ಲಿ ಸಣ್ಣ ಮಾತಿಗೆ ಸಿಟ್ಟು, ಮಕ್ಕಳಿಗೆ ಹೊಡೆತ, ಆಮೇಲೆ ತನ್ನ ಮೇಲೆಯೇ ಹೇಸಿಗೆ.

ಹಣದ ಕೊರತೆಯು ಬುದ್ಧಿಯ ಶಕ್ತಿಯನ್ನೂ ಕುಗ್ಗಿಸುತ್ತದೆಂಬುದಕ್ಕೆ ಆಧಾರವಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಪರೀಕ್ಷಿಸಿದ ಅಧ್ಯಯನವೊಂದು ೨೦೧೩ರಲ್ಲಿ ಪ್ರಕಟವಾಯಿತು. ಅದೇ ರೈತರು, ಅದೇ ಬಗೆಯ ಪ್ರಶ್ನೆಗಳು. ಆದರೂ ಕೈ ಬರಿದಾಗಿದ್ದಾಗ ಅವರ ಗಮನವೂ ವಿವೇಚನೆಯೂ ಕಡಿಮೆಯಾಗಿದ್ದವು. ಮನುಷ್ಯನು ದಡ್ಡನಾದುದರಿಂದ ಬಡವನಾಗುವುದಲ್ಲ. ಬಡತನದ ಚಿಂತೆಯೇ ಅವನ ಮನಸ್ಸಿನ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತದೆ. ಹೊಲದಲ್ಲಿ ಗಮನ ತಪ್ಪಿದರೆ ಸಾಲು ಸೊಟ್ಟಗಾದೀತು. ತಿರುಗುವ ಯಂತ್ರದ ಮುಂದೆ ಗಮನ ತಪ್ಪಿದರೆ ಬೆರಳೇ ಹೋದೀತು.

ಈಗ ನಮ್ಮದೇ ಅನುಭವವನ್ನು ಹೇಳಬೇಕು. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ; ಅವರ ಹೆಸರಾಗಲಿ, ಕೆಲಸದ ಸ್ಥಳವಾಗಲಿ ಇಲ್ಲಿ ಅನಾವಶ್ಯಕ. ಉತ್ಸವ ನಿಧಿಗೆ ಕುಟುಂಬಕ್ಕಿಷ್ಟೆಂದು ಬರೆಸಿಕೊಳ್ಳುವಾಗ ನಮ್ಮ ಸಹೋದರರೊಬ್ಬರು ೧೦,೦೦೦ ರೂಪಾಯಿ ಬರೆಸಿದರು. ಅರ್ಧ ಹಣವನ್ನು ವಾರದೊಳಗೆ ತಂದುಕೊಟ್ಟರು. ಭಾನುವಾರದ ಪೂಜೆಯ ಕೊನೆಯಲ್ಲಿ ದಾನಿಗಳ ಹೆಸರುಗಳನ್ನೂ ಮೊತ್ತವನ್ನೂ ನಾವು ಗಟ್ಟಿಯಾಗಿ ಓದುತ್ತಿದ್ದೆವು. ಅವರ ಹೆಸರನ್ನೂ ಓದಿದೆವು. ಕೆಲವು ತಿಂಗಳಾದ ಮೇಲೆ ಅವರು ಪೂಜೆಗೆ ಬರುವುದನ್ನು ನಿಲ್ಲಿಸಿದರು. ನಾವಿಬ್ಬರು ಅವರ ಮನೆಗೆ ಹೋದೆವು. ಏಕೆ ಬರಲಿಲ್ಲವೆಂದು ವಿಚಾರಿಸಲು ಹೋದೆವೆಂದರೆ ಸುಳ್ಳಾಗುತ್ತದೆ. ಎರಡನೆಯ ಕಂತನ್ನು ಕೇಳಲು ಹೋಗಿದ್ದೆವು.

ಹಗಲು ಹೊತ್ತಿನಲ್ಲಿಯೇ ಬಾಗಿಲು ಅರ್ಧ ಮುಚ್ಚಿತ್ತು. ಅವರು ಗೋಡೆಗೆ ಒರಗಿ ಕುಳಿತಿದ್ದರು. ಮುಂದಿನ ವಾರ ಕೊಡುತ್ತೇನೆ ಎಂದು, ನಾವು ಕೇಳುವ ಮೊದಲೇ ಹೇಳಿದರು. ಅವರ ಮನೆಯಾಕೆ ಒಳಗಿನಿಂದ ಒಂದು ಬಟ್ಟೆಯ ಗಂಟನ್ನು ತಂದು ನಮ್ಮ ಮುಂದೆ ಬಿಚ್ಚಿದರು. ವಾರದ ಕಂತುಗಳ ಪಾಸ್ ಪುಸ್ತಕಗಳು, ಗಿರವಿಯ ಚೀಟಿಗಳು. “ಅಣ್ಣಾರ, ಮೊದಲ ಈ ಪುಸ್ತಕ ನೋಡ್ರಿ. ಆಮ್ಯಾಲೆ ನಿಮ್ಮ ಪುಸ್ತಕ ತಗೀರಿ” ಎಂದರು.

ನಾವು ನೋಡಿದೆವು. ಗುತ್ತಿಗೆಯ ಕೆಲಸ ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಮೊದಲ ಎರಡು ತಿಂಗಳು ಅವರು ಅದನ್ನು ಮನೆಯಲ್ಲಿಯೂ ಹೇಳಿರಲಿಲ್ಲ. ದಿನವೂ ಬುತ್ತಿ ಕಟ್ಟಿಸಿಕೊಂಡು ಹೊರಟು, ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಕುಳಿತು, ಪಾಳಿ ಮುಗಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಸಂಬಳದ ದಿನಕ್ಕೆ ಸಾಲ ತಂದು ಸಂಬಳವೆಂದು ಕೊಡುತ್ತಿದ್ದರು. ನಮಗೆ ಕೊಟ್ಟ ಐದು ಸಾವಿರವೂ ಐದು ರೂಪಾಯಿ ಬಡ್ಡಿಯ ಹಣವೇ ಆಗಿತ್ತು. ನಾವು ಅವರ ಹೆಸರನ್ನು ಗಟ್ಟಿಯಾಗಿ ಓದಿದ್ದಕ್ಕೆ ಅವರು ತಿಂಗಳಿಗೆ ೨೫೦ ರೂಪಾಯಿ ತೆರುತ್ತಿದ್ದರು. ರಾತ್ರಿ ನಿದ್ದೆಯಿಲ್ಲದೆ ವಾರಗಳಾಗಿದ್ದವು; ಬದುಕು ಸಾಕೆಂದು ಅನ್ನಿಸಿದ್ದೂ ಉಂಟೆಂದು ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ರಸೀದಿ ಪುಸ್ತಕವನ್ನು ನಾವು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಅವರನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ದೆವು. ಔಷಧವನ್ನೂ ಮಾತಿನ ಚಿಕಿತ್ಸೆಯನ್ನೂ ಪಡೆದರು. ಸಾಲಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಸಾಲಿಗರನ್ನು ಒಬ್ಬೊಬ್ಬರಾಗಿ ಕಂಡು ಅವಧಿ ಕೇಳಿದೆವು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಅವರಿಗೆ ಈಗ ಮೊದಲಿಗಿಂತ ಕಡಿಮೆ ಸಂಬಳದ ಕೆಲಸ ಸಿಕ್ಕಿದೆ. ಸಾಲ ಇನ್ನೂ ತೀರಿಲ್ಲ. ಆದರೆ ನಿದ್ದೆ ಬರುತ್ತದೆ ಎನ್ನುತ್ತಾರೆ. ಏನು ಬದಲಾಯಿತೆಂದು ಕೇಳಿದರೆ, “ಈಗ ಬಚ್ಚಿಡೋದೇನೂ ಇಲ್ರಿ” ಎನ್ನುತ್ತಾರೆ. ನಾವು ಇಂದು ಹೇಳಬೇಕೆಂದಿರುವುದೂ ಇಷ್ಟೇ. ಸಾಲದ ಮೊತ್ತಕ್ಕಿಂತಲೂ ಸಾಲದ ಗುಟ್ಟು ಮನುಷ್ಯನನ್ನು ಹೆಚ್ಚು ಕೊಲ್ಲುತ್ತದೆ.

ಸಂತ ಮತ್ತಾಯನ ಶುಭಸಂದೇಶದಲ್ಲಿ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ಹಗಲೆಲ್ಲ ದುಡಿದವನಿಗೂ ಸಂಜೆ ಬಂದವನಿಗೂ ಸಮನಾದ ಕೂಲಿ ಏಕೆ ಎಂಬುದನ್ನೇ ನಾವು ಚರ್ಚಿಸುತ್ತೇವೆ. ಸಂಜೆಯವರೆಗೆ ಸಂತೆಯ ಬೀದಿಯಲ್ಲಿ ನಿಂತವರ ಮನಸ್ಸನ್ನು ಕುರಿತು ಯೋಚಿಸುವುದು ಅಪೂರ್ವ. ಅವರು ಮೈಗಳ್ಳರಾಗಿರಲಿಲ್ಲ, ಅವರನ್ನು ಯಾರೂ ಕರೆದಿರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆಂಬ ಚಿಂತೆಯಲ್ಲಿ ನಿಂತಿದ್ದರು. ಯಜಮಾನನು ಮೊದಲು ಅವರನ್ನು ಏಕೆ ನಿಂತಿದ್ದೀರೆಂದು ಕೇಳಿದನು, ಉತ್ತರವನ್ನು ಕೇಳಿಸಿಕೊಂಡನು, ಕೊನೆಗೆ ಒಂದು ಮನೆಗೆ ಒಂದು ದಿನಕ್ಕೆ ಬೇಕಾದಷ್ಟನ್ನು ಕೊಟ್ಟನು. ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ಬುತ್ತಿ ಹಿಡಿದು ಕುಳಿತವರನ್ನು ನಾವು ಹಾಗೆ ಕೇಳಲಿಲ್ಲ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೧೮೯೧ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಕಾರ್ಮಿಕರನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ, ಕೂಲಿಯು ಕಾರ್ಮಿಕನ ಯೋಗ್ಯ ಜೀವನಕ್ಕೆ ಸಾಲುವಂತಿರಬೇಕೆಂದು ಬೋಧಿಸಿದರು. ೧೯೫೫ರಲ್ಲಿ ಹನ್ನೆರಡನೆಯ ಪಿಯುಸ್‌ರವರು ಮೇ ೧ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಸ್ಥಾಪಿಸಿದರು. ಹೀಗಿರುವಾಗ ಸಾಲಗಾರನಾದುದನ್ನು ಪಾಪವೆಂಬಂತೆ ನೋಡುವುದು ನಮಗೆ ಸಲ್ಲದು. ಹತಾಶೆಯಿಂದ ಪ್ರಾಣ ಬಿಟ್ಟವರ ಮನೆಯವರನ್ನು ದೂರವಿಡುವ ಹಳೆಯ ಕಾಲದ ಕಠೋರತೆಯನ್ನೂ ನಾವು ಬಿಡಬೇಕು. ಅಂತಹವರಿಗೆ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿದ್ದ ಹಿಂದಿನ ವಿಧಿಯು ೧೯೮೩ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿಲ್ಲ. ತೀವ್ರ ಮನೋವೇದನೆಯು ಮನುಷ್ಯನ ಹೊಣೆಯನ್ನು ಕುಗ್ಗಿಸಬಲ್ಲದೆಂದು ೧೯೯೨ರ ಧರ್ಮೋಪದೇಶವು ಒಪ್ಪಿ, ಅವರಿಗಾಗಿ ಪ್ರಾರ್ಥಿಸಲು ಕಲಿಸುತ್ತದೆ. ದೇಶದ ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯೂ ಪ್ರಾಣಕ್ಕೆ ಎರವಾಗಲು ಹೊರಟವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಅವರಿಗೆ ಆರೈಕೆ ನೀಡುವುದನ್ನು ಸರ್ಕಾರದ ಕರ್ತವ್ಯವನ್ನಾಗಿ ಮಾಡಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿಯೊಂದು ಮನೆಯಲ್ಲಿಯೂ ಗಂಡಹೆಂಡಿರು ಒಟ್ಟಿಗೆ ಕುಳಿತು ಎಲ್ಲ ಸಾಲಗಳನ್ನೂ ಒಂದು ಹಾಳೆಯ ಮೇಲೆ ಬರೆಯಲಿ: ಯಾರಿಂದ, ಎಷ್ಟು, ಯಾವ ಬಡ್ಡಿಗೆ, ಎಷ್ಟು ತೀರಿದೆ. ಉದ್ರಿ, ಕೈಗಡ, ಭಿಶಿ, ಗಿರವಿ ಯಾವುದನ್ನೂ ಬಿಡಬಾರದು. ಹಳೆಯ ಸಾಲ ತೀರಿಸಲು ಅದಕ್ಕಿಂತ ಹೆಚ್ಚಿನ ಬಡ್ಡಿಯ ಹೊಸ ಸಾಲ ತರುವುದನ್ನು ಅಂದೇ ನಿಲ್ಲಿಸಲಿ. ಹೆಚ್ಚು ಬಡ್ಡಿಯ ಸಾಲದ ಅಸಲು ಮೊದಲು ಕರಗುವಂತೆ ನೋಡಿಕೊಳ್ಳಲಿ.

ಎರಡನೆಯದಾಗಿ, ತಮಗಿರುವ ಹಕ್ಕುಗಳನ್ನು ಕಾರ್ಮಿಕರು ತಿಳಿದಿರಲಿ. ಗುತ್ತಿಗೆದಾರನು ಸಂಬಳದಿಂದ ಹಿಡಿದ ಭವಿಷ್ಯನಿಧಿಯ ಹಣ ಖಾತೆಗೆ ಜಮೆಯಾಗಿದೆಯೇ, ಇ.ಎಸ್.ಐ. ವಿಮೆಯಲ್ಲಿ ತಮ್ಮ ಹೆಸರಿದೆಯೇ ಎಂದು ವಿಚಾರಿಸಿ ನೋಡಲಿ. ಕಿರುಸಾಲ ಪಡೆದ ಮನೆಯ ಎಲ್ಲ ಸಾಲಗಳ ತಿಂಗಳ ಕಂತುಗಳು ಆ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು ೨೦೨೨ರಲ್ಲಿ ನಿಯಮ ಮಾಡಿದೆ. ನಮ್ಮ ರಾಜ್ಯವು ಮೊದಲು ೨೦೨೫ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ, ಅನಂತರ ಕಾಯಿದೆಯ ಮೂಲಕ, ಬೆದರಿಸಿ ಅವಮಾನಿಸಿ ಸಾಲ ವಸೂಲು ಮಾಡುವವರಿಗೆ ಹತ್ತು ವರ್ಷಗಳವರೆಗೆ ಸೆರೆವಾಸವನ್ನೂ ಐದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಲು ಅವಕಾಶ ಮಾಡಿತು. ಪಡೆದ ಸಾಲವನ್ನು ತೀರಿಸುವುದು ಧರ್ಮ. ಆದರೆ ಬಾಗಿಲಲ್ಲಿ ನಿಂತು ಹೆಂಗಸರನ್ನು ಬಯ್ಯುವ ಅಧಿಕಾರ ಯಾವ ಸಾಲಿಗನಿಗೂ ಇಲ್ಲ.

ಮೂರನೆಯದಾಗಿ, ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲಿಯೂ ಮನಸ್ಸು ನಿಲ್ಲದೆ, ಬದುಕು ಬೇಡವೆನ್ನಿಸಿದರೆ ವೈದ್ಯರ ಬಳಿಗೆ ಹೋಗಬೇಕು. ಪ್ರಾರ್ಥನೆ ಬೇಕು, ಆದರೆ ಕಾಲು ಮುರಿದಾಗ ಪ್ರಾರ್ಥನೆಯೊಡನೆ ಪಟ್ಟಿಯನ್ನೂ ಕಟ್ಟಿಸುತ್ತೇವಷ್ಟೆ. ಸಾಮಾನ್ಯ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಮನಸ್ಸಿನ ಚಿಕಿತ್ಸೆ ದೊರೆಯಬೇಕೆಂಬ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಆರಂಭಿಸಿದ್ದು ಅಂದು ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೇ. ಅದು ಮುಂದೆ ದೇಶಕ್ಕೆಲ್ಲ ಮಾದರಿಯಾಯಿತು. ೨೦೨೨ರಿಂದ ೧೪೪೧೬ ಎಂಬ ಟೆಲಿ ಮಾನಸ್ ದೂರವಾಣಿ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹತ್ತಿರದವರ ಬಗ್ಗೆ ಸಂಶಯ ಬಂದರೆ ‘ಸಾಯಬೇಕೆನಿಸುತ್ತದೆಯೇ’ ಎಂದು ನೇರವಾಗಿ ಕೇಳಿರಿ. ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುವುದಿಲ್ಲ. ಹೊತ್ತ ಭಾರವನ್ನು ಇಳಿಸಲು ಕೈ ಕೊಟ್ಟಂತಾಗುತ್ತದೆ.

ನಾಲ್ಕನೆಯದು ಧರ್ಮಕೇಂದ್ರವಾಗಿ ನಾವು ಮಾಡಬೇಕಾದುದು. ೧೯೦೫ರಲ್ಲಿ, ಅಂದು ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ಇದ್ದ ಗದಗಿನ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳುವಳಿಗೆ ಅದು ನಾಂದಿಯಾಯಿತು. ನೆರೆಯವನಿಗೆ ನೆರೆಯವನು ಹೊಣೆಯಾದರೆ ಬಡ್ಡಿಯವನ ಹಂಗು ತಪ್ಪುತ್ತದೆಂಬುದೇ ಅದರ ತತ್ತ್ವ. ಇಂದು ವಾರದ ಕಂತಿನ ಗುಂಪುಗಳಲ್ಲಿಯೂ ನೆರೆಯವಳಿಗೆ ನೆರೆಯವಳು ಹೊಣೆ; ಆದರೆ ಎಷ್ಟೋ ಕಡೆ ಆ ಹೊಣೆಯು ಸಹಾಯವಾಗದೆ, ನೆರೆಯವಳೇ ವಸೂಲಿಗೆ ನಿಲ್ಲುವಂತಾಗಿದೆ. ಆ ಹಳೆಯ ತತ್ತ್ವವನ್ನು ನಾವು ಮತ್ತೆ ಸರಿಯಾದ ದಾರಿಗೆ ತರಬೇಕು.

ಆದುದರಿಂದ ಸಮಿತಿಯು ಗುರುಗಳ ಸಮ್ಮತಿಯಿಂದ ಮೂರು ನಿರ್ಧಾರಗಳನ್ನು ಕೈಗೊಂಡಿದೆ. ಒಂದು: ಈ ಸ್ಮರಣ ಸಂಚಿಕೆಯಲ್ಲಿ ದಾನಿಗಳ ಹೆಸರುಗಳು ಅಕಾರಾದಿಯಾಗಿ ಅಚ್ಚಾಗುತ್ತವೆ; ಯಾರ ಹೆಸರಿನ ಮುಂದೆಯೂ ಮೊತ್ತವಿರುವುದಿಲ್ಲ. ಹಣ ಕೊಡಲಾಗದೆ ಒಂದು ದಿನ ಮಣ್ಣು ಹೊತ್ತವರ ಹೆಸರೂ ಅದೇ ಪಟ್ಟಿಯಲ್ಲಿರುತ್ತದೆ. ಎರಡು: ಬರೆಸಿ ಕೊಡಲಾಗದೆ ಉಳಿದ ಬಾಕಿಯನ್ನು ಯಾರೂ ಕೊಡಬೇಕಾಗಿಲ್ಲ, ಆ ಪುಟಗಳನ್ನು ನಾವು ಮುಚ್ಚಿದ್ದೇವೆ. ಮೂರು: ಪ್ರತಿ ತಿಂಗಳೂ ಸಂಬಳದ ನಂತರದ ಭಾನುವಾರ, ಪೂಜೆಯಾದ ಮೇಲೆ ಇಬ್ಬರು ಸದಸ್ಯರು ಗುರುಗಳ ಮನೆಯ ಜಗುಲಿಯಲ್ಲಿ ಕುಳಿತಿರುತ್ತಾರೆ. ಲೆಕ್ಕ ಬರೆಯಲು, ಅರ್ಜಿ ತುಂಬಲು, ಆಸ್ಪತ್ರೆಗೆ ಜೊತೆಯಾಗಿ ಬರಲು, ಏನೂ ಬೇಡವಾದರೆ ಸುಮ್ಮನೆ ಕೇಳಿಸಿಕೊಳ್ಳಲು. ಅಲ್ಲಿ ಆಡಿದ ಮಾತು ಜಗುಲಿಯನ್ನು ದಾಟುವುದಿಲ್ಲ. ಮದುವೆ, ಮೊದಲ ಪರಮಪ್ರಸಾದ, ತಿಥಿಯ ಊಟಗಳನ್ನು ಸರಳವಾಗಿ ಮಾಡಲು ಅನುಕೂಲಸ್ಥರೇ ಮೊದಲು ಮುಂದೆ ಬರಬೇಕೆಂದೂ ಕೇಳಿಕೊಳ್ಳುತ್ತೇವೆ. ಉಳ್ಳವರು ಸರಳವಾಗಿ ಮಾಡಿದರೆ ಮಾತ್ರ ಇಲ್ಲದವರು ನಾಚಿಕೆಯಿಲ್ಲದೆ ಸರಳವಾಗಿ ಮಾಡಬಲ್ಲರು.

ಪ್ರಿಯರೇ, ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರು ಧನಿಕರಾಗಿರಲಿಲ್ಲ. ಹೊಸ ಬಣ್ಣ ಬಳಿದ ಗೋಡೆಗಳನ್ನು ಕಂಡು ನಮಗೆ ಸಂತೋಷವಾಗಿದೆ. ಆದರೆ ಆ ಗೋಡೆಯ ಒಂದು ಕಲ್ಲಾದರೂ ಬಡ್ಡಿಯ ಹಣದ್ದೆಂದು ತಿಳಿದ ಮೇಲೆ, ನಮ್ಮ ಸಂತೋಷ ಪೂರ್ಣವಾಗಬೇಕಾದರೆ ಆ ಸಹೋದರರೂ ಅವರಂತಹವರೂ ತಲೆಯೆತ್ತಿ ಇಲ್ಲಿಗೆ ಬರಬೇಕು. ಕಳೆದ ಭಾನುವಾರ ಅವರು ಮನೆಯವರೊಡನೆ ಬಂದಿದ್ದರು.

ಕಾರ್ಮಿಕರಾದ ಸಂತ ಜೋಸೆಫರು ನಮ್ಮ ದುಡಿಯುವ ಕೈಗಳನ್ನೂ, ದಣಿದ ಮನಸ್ಸುಗಳನ್ನೂ ಕಾಪಾಡಲಿ.